ಹ್ಯಾಂಬರ್ಗ್‌ನ ನದಿದಡ: ಜಂಟಿ ವಿನ್ಯಾಸದಲ್ಲಿ ತಡೆಗೋಡೆಯ ಪ್ರಶ್ನೆ

ಪ್ರಶ್ನೆ: ಮೂರು ದೇಶಗಳ ವಾಸ್ತುಶಿಲ್ಪ ವಿದ್ಯಾರ್ಥಿಗಳು ಒಟ್ಟಾಗಿ ಜರ್ಮನಿಯ ಹ್ಯಾಂಬರ್ಗ್‌ನ ಹಾಫೆನ್‌ಸಿಟಿ ಬಡಾವಣೆಯಲ್ಲಿ ಎಲ್ಬೆ ನದಿಯ ದಡವೊಂದನ್ನು ಮರುವಿನ್ಯಾಸಗೊಳಿಸುತ್ತಿದ್ದೇವೆ. ನೀರಿಗೂ ಕಟ್ಟಡಗಳಿಗೂ ನಡುವೆ ತಡೆಗೋಡೆ ಬೇಕೇಬೇಕೆಂದು ಕೆಲವರು ಪಟ್ಟು ಹಿಡಿದಿರುವುದರಿಂದ ಚರ್ಚೆ ಮುಂದೆ ಸಾಗುತ್ತಿಲ್ಲ. ಬಲ್ಲವರು ದಯವಿಟ್ಟು ಸಲಹೆ ನೀಡಿರಿ.

ಉತ್ತರ 1: 2000ದಲ್ಲಿ ಅಂಗೀಕಾರವಾದ ಹಾಫೆನ್‌ಸಿಟಿಯ ಮಹಾಯೋಜನೆಯನ್ನು ಮೊದಲು ಓದಿರಿ. ಸುಮಾರು 157 ಹೆಕ್ಟೇರಿನ ಆ ಹಳೆಯ ಬಂದರು ಪ್ರದೇಶವನ್ನು ಒಡ್ಡಿನಿಂದ ಸುತ್ತುವರಿಯದೆ, ಕಟ್ಟಡಗಳನ್ನು ಸಮುದ್ರಮಟ್ಟಕ್ಕಿಂತ 8–9 ಮೀಟರ್ ಎತ್ತರದ ಕೃತಕ ದಿಬ್ಬಗಳ ಮೇಲೆ ನಿಲ್ಲಿಸಲಾಗಿದೆ; ಕೆಳಗಿನ ವಿಹಾರಪಥಗಳು ದೊಡ್ಡ ನೆರೆಯಲ್ಲಿ ಮುಳುಗುತ್ತವೆ, ಅದು ವಿನ್ಯಾಸದ ದೋಷವಲ್ಲ.

ಉತ್ತರ 2: ನಮ್ಮ ಜಂಟಿ ತಂಡದಲ್ಲಿ ‘ನೀರಿನ ಮಟ್ಟ’ ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಲೆಕ್ಕವಾಗಿತ್ತು. ಎಲ್ಲರೂ ಒಂದೇ ಆಧಾರಮಟ್ಟದಿಂದ (ಎತ್ತರಗಳನ್ನು ಅಳೆಯಲು ಸೊನ್ನೆಯೆಂದು ಹಿಡಿಯುವ ಮಟ್ಟ) ದಡದ ಅಡ್ಡಸೀಳು ನಕ್ಷೆಯನ್ನು ಬರೆದ ಮೇಲೆಯೇ (ಎರಡು ವಾರ ವ್ಯರ್ಥವಾದ ನಂತರ) ಮಾತು ಹಳಿಗೆ ಬಂದಿತು.