ಅಪ್‌ಡೇಟ್: ತೊಳೆಯುವಾಗ ಕಿತ್ತುಬರುತ್ತಿದ್ದ ಸ್ಟೆನ್ಸಿಲ್

ಸ್ಕ್ರೀನ್ ಪ್ರಿಂಟಿಂಗ್ ತರಗತಿಯಲ್ಲಿ ವಿದ್ಯಾರ್ಥಿಗಳ ಸ್ಕ್ರೀನ್ (ಫ್ರೇಮಿಗೆ ಬಿಗಿದ ಜಾಲರಿ ಬಟ್ಟೆ) ತೊಳೆಯುವಾಗ ಎಮಲ್ಷನ್, ಅಂದರೆ ಬೆಳಕು ಬಿದ್ದಲ್ಲಿ ಗಟ್ಟಿಯಾಗಿ ಸ್ಟೆನ್ಸಿಲ್ ಆಗುವ ಲೇಪ, ಕಿತ್ತುಬರುತ್ತದೆ, ಕಾರಣವನ್ನು ಅವರಿಗೆ ಹೇಗೆ ತೋರಿಸಲಿ ಎಂದು ಕೇಳಿದ್ದೆ. ಸ್ಟೆಪ್ ಟೆಸ್ಟ್ (ಒಂದೇ ಸ್ಕ್ರೀನಿನ ಪಟ್ಟಿಗಳಿಗೆ ಬೇರೆಬೇರೆ ಹೊತ್ತು ಬೆಳಕು ಕೊಟ್ಟು ಹೋಲಿಸುವುದು) ಮಾಡಿಸಿ ಎಂದವರ ಮಾತೇ ಸರಿ.

ಡಯಾಜೊ (ಬೆಳಕಿಗೆ ಸ್ಪಂದಿಸುವ ರಾಸಾಯನಿಕ) ಸೇರಿಸಿದ ಎಮಲ್ಷನ್, ಒಂದೇ ಸ್ಕ್ರೀನ್, ಐದು ಪಟ್ಟಿ. ಪ್ರತಿ ಪಟ್ಟಿಯಲ್ಲೂ ಅದೇ ಸಣ್ಣ ಗೆರೆಗಳು. ಮೊದಲು ಇಡೀ ಸ್ಕ್ರೀನಿಗೆ 60 ಸೆಕೆಂಡ್ ಬೆಳಕು. ಆಮೇಲೆ ಒಂದೊಂದೇ ಪಟ್ಟಿಯನ್ನು ಕಪ್ಪು ಕಾಗದದಿಂದ ಮುಚ್ಚುತ್ತಾ ಪ್ರತಿ ಸಲ 30 ಸೆಕೆಂಡ್. ಕೊನೆಯ ಪಟ್ಟಿಗೆ 180 ಆಗುತ್ತದೆ. 60 ಮತ್ತು 90ರ ಪಟ್ಟಿಗಳು ಸ್ಕ್ವೀಜಿ ಬದಿಯಲ್ಲಿ (ಇಂಕ್ ಎಳೆಯುವ ಒಳಬದಿ) ಲೋಳೆಲೋಳೆ, ಅಂದರೆ ಬೆಳಕು ಸಾಲದೆ ಗಟ್ಟಿಯಾಗಿಲ್ಲ. 180ರಲ್ಲಿ ಬೆಳಕು ಹೆಚ್ಚಾಗಿ ಸಣ್ಣ ಗೆರೆಗಳೇ ಮುಚ್ಚಿಹೋದವು. ಬೆಳಕು ಬಿದ್ದಂತೆ ಡಯಾಜೊದ ಹಳದಿ ಛಾಯೆ ಕಳೆಯುತ್ತದೆ. ಬಣ್ಣ ಬದಲಾಗುವುದು ನಿಂತ ಮೊದಲ ಪಟ್ಟಿಯೇ ಸರಿಯಾದ ಸಮಯ. ನಮಗೆ ಸಿಕ್ಕಿದ್ದು 150. ಲ್ಯಾಂಪ್ ಅಥವಾ ದೂರ ಬದಲಾದರೆ ಈ ಅಂಕಿ ಕೆಲಸಕ್ಕೆ ಬಾರದು.

ಇನ್ನೂ ಎರಡು ತಪ್ಪು ಸಿಕ್ಕವು. ಕೆಲವು ಸ್ಕ್ರೀನ್ ಪೂರ್ತಿ ಒಣಗಿರಲಿಲ್ಲ, ಒಳಗೆ ತೇವವಿದ್ದರೆ ಎಮಲ್ಷನ್ ಗಟ್ಟಿಯಾಗುವುದಿಲ್ಲ. ಜೊತೆಗೆ ಬಿಳಿ, ಹಳದಿ ಮೆಶ್ (ಜಾಲರಿ ಬಟ್ಟೆ) ಎರಡಕ್ಕೂ ಒಂದೇ ಸಮಯ ಕೊಡುತ್ತಿದ್ದೆವು. ಹಳದಿಗೆ ಹೆಚ್ಚು ಬೇಕು. ಈಗ ಮೆಶ್ ಸಂಖ್ಯೆ (ಎಳೆಗಳು ಎಷ್ಟು ಒತ್ತಾಗಿವೆ ಎಂಬ ಅಂಕಿ), ಅದರ ಬಣ್ಣ, ಎಮಲ್ಷನ್ ಎಷ್ಟು ಕೋಟ್ ಎಂಬುದನ್ನು ಫ್ರೇಮಿನ ಮೇಲೆಯೇ ಬರೆಸುತ್ತಿದ್ದೇನೆ.