ಸಹಾಯ ಬೇಕು: ಬೂನ್ ಮನಸ್ಸು ಬಿಚ್ಚುತ್ತಿಲ್ಲ

ಎಲ್ಲರಿಗೂ ನಮಸ್ಕಾರ. 2010ರ ಫಾಲ್‌ಔಟ್ ನ್ಯೂ ವೇಗಸ್ ಎಂಬ ವಿಡಿಯೋ ಗೇಮ್ ಈಗ ಆಡುತ್ತಿದ್ದೇನೆ. ಆಲ್ದೂರಿನಲ್ಲಿ ಮಳೆ ಹಿಡಿದು ವಾರವಾಯಿತು, ತೋಟದ ಕೆಲಸ ನಿಂತಿದೆ.

ನೋವ್ಯಾಕ್ ಎಂಬ ಊರಿನ ದೊಡ್ಡ ಡೈನೋಸಾರ್ ಪ್ರತಿಮೆಯ ಬಾಯಲ್ಲಿ ರಾತ್ರಿ ಕಾವಲಿಗೆ ನಿಲ್ಲುವ ಬೂನ್ ನನ್ನ ಜೊತೆ ಸೇರಿದ್ದಾನೆ. ಅವನ ಹೆಂಡತಿಯನ್ನು ಗುಲಾಮಳಾಗಿ ಮಾರಿದ ಪತ್ರ ಹುಡುಕಿದೆ. ಮಾರಿದವಳನ್ನು ಡೈನೋಸಾರ್ ಮುಂದೆ ಕರೆತಂದು, ಗುರುತಿಗೆಂದು ಬೂನ್ ಕೊಟ್ಟ ಕೆಂಪು ಟೋಪಿ ಹಾಕಿಕೊಂಡೆ. ಅವನಿಂದ ಒಂದೇ ಗುಂಡು. ಆಮೇಲೆ ಕಂಟ್ರೋಲರ್ ಕೆಳಗಿಟ್ಟು ಎಷ್ಟೋ ಹೊತ್ತು ಸುಮ್ನೆ ಕೂತಿದ್ದೆ.

ಈಗ, ಅವನು ಸೈನಿಕನಾಗಿದ್ದಾಗ ಹತ್ಯಾಕಾಂಡ ನಡೆದ ಬಿಟರ್ ಸ್ಪ್ರಿಂಗ್ಸ್ ವಿಷಯ ಅವನು ಬಾಯಿ ಬಿಡುತ್ತಿಲ್ಲ. ಮೊದಲು ನಂಬಿಕೆ ಬೆಳೆಯಬೇಕು, ಅಲ್ವಾ? ಗುಲಾಮರನ್ನು ಇಟ್ಟುಕೊಳ್ಳುವ ಲೀಜನ್ ಸೈನ್ಯ ಹಿಡಿದಿರುವ ನೆಲ್ಸನ್ ಎಂಬ ಊರಿಗೂ ಕರೆದುಕೊಂಡು ಹೋದೆ. ಬೂನ್ ಹಿಂದೆ ಸೈನಿಕನಾಗಿದ್ದ ಎನ್‌ಸಿಆರ್ (ನ್ಯೂ ಕ್ಯಾಲಿಫೋರ್ನಿಯಾ ರಿಪಬ್ಲಿಕ್) ಹತ್ತಿರ ನನ್ನ ಹೆಸರು ಚೆನ್ನಾಗಿಯೇ ಇದೆ. ಇನ್ನು ಯಾವ ಜಾಗಕ್ಕೆ ಅವನನ್ನು ಕರೆದೊಯ್ಯಬೇಕು? ಆಡಿ ಮುಗಿಸಿದವರು ದಯವಿಟ್ಟು ಹೇಳಿ. ಅವನ ಕಥೆ ಅರ್ಧಕ್ಕೆ ಬಿಡೋಕೆ ನನಗೆ ಮನಸ್ಸಿಲ್ಲ.