ಇರುವ ಮನೆ ಮಾರಬೇಡಿ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಕತ್ತಲಾಗುತ್ತದೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಪೂರ್ತಿ ಕೇಳು. ಗ್ರೂಪಿನಲ್ಲೇ ಹಾಕುತ್ತೇನೆ, ಉಳಿದವರೂ ಕೇಳಲಿ.

"ಅತ್ತೆ, ಇಬ್ಬರಿಗೂ ಮನೆಯಿಂದಲೇ ಕೆಲಸ ಮಾಡೋಕೆ ಒಪ್ಪಿಗೆ ಸಿಕ್ಕಿದೆ. ಸಿಟಿ ಮನೆ ಮಾರಿ ಸಣ್ಣ ಊರಿಗೆ ಹೋಗಿಬಿಡೋಣ ಅಂತಿದ್ದಾರೆ ಇವರು. ನನಗೆ ಎರಡು ರಾತ್ರಿಯಿಂದ ನಿದ್ದೆ ಇಲ್ಲ. ಹೋಗಬಹುದಾ?" ಅಂತ ಕೇಳಿದ್ದೀಯ. ಹೋಗಬಹುದು ಮಗಳೇ. ಖಂಡಿತ ಹೋಗಬಹುದು. ಆದರೆ ಇರುವ ಮನೆ ಮಾರಬೇಡಿ. ಅಳಿಯಂದಿರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ಕೇಳಿಸು.

ನಮ್ಮ ಮೂರನೇ ಮಹಡಿಯ ಮನೆ ನಿಮಗೆಲ್ಲ ಗೊತ್ತು. ನಿಮ್ಮ ಮಾವನ ಆಫೀಸು ಎಲ್ಲಿತ್ತು ಅಂತಲೂ ಗೊತ್ತು. ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ. ವರ್ಷಕ್ಕೆ 250 ದಿನ ಅಂತ ಇಟ್ಟುಕೊಂಡರೆ 500 ಗಂಟೆ. 19 ವರ್ಷಕ್ಕೆ 9,500 ಗಂಟೆ. ಒಂದು ದಿನ ಸುಮ್ನೆ ಕೂತು ಲೆಕ್ಕ ಹಾಕಿದೆವು. ಹಗಲು ರಾತ್ರಿ ಸೇರಿಸಿದರೆ ಒಂದು ಇಡೀ ವರ್ಷಕ್ಕಿಂತ ಜಾಸ್ತಿ ಅವರು ರಸ್ತೆಯಲ್ಲೇ ಕಳೆದಿದ್ದರು. ಅದನ್ನು ನೋಡಿ ಅವರು ಏನೂ ಮಾತಾಡಲಿಲ್ಲ. ಪೆನ್ನು ಕೆಳಗಿಟ್ಟು ಬಾಲ್ಕನಿಗೆ ಹೋಗಿ ನಿಂತರು.

ರಿಟೈರ್ ಆದ ಮೇಲೆ ಒಂದು ಸಲ ಈ ಊರಿಗೆ ನಾಲ್ಕು ದಿನಕ್ಕೆ ಅಂತ ಬಂದಿದ್ದೆವು. ತಂಪಾದ ಕಾಲ. ರಾತ್ರಿ ಕಿಟಕಿ ತೆರೆದಿಟ್ಟು ಮಲಗಿದೆವು. ನಾನು ಮೂವತ್ತು ವರ್ಷ ಭೂಗೋಳ ಪಾಠ ಮಾಡಿದವಳು. ಊರು ದೊಡ್ಡದಾದಷ್ಟೂ ಕಾಂಕ್ರೀಟು, ಡಾಂಬರು ಹಗಲಿನ ಬಿಸಿಲನ್ನು ಹಿಡಿದಿಟ್ಟುಕೊಂಡು ರಾತ್ರಿಯಿಡೀ ಬಿಡುತ್ತವೆ, ಮೋಡಗಳಿಗೆ ಹೆಸರಿಟ್ಟ ಲ್ಯೂಕ್ ಹೋವರ್ಡ್ ಎಂಬಾತ 200 ವರ್ಷದ ಹಿಂದೆಯೇ ಲಂಡನ್ನಿನ ರಾತ್ರಿ ಸುತ್ತಲಿನ ಹಳ್ಳಿಗಳಿಗಿಂತ ಬೆಚ್ಚಗಿರುವುದನ್ನು ಅಳೆದು ಬರೆದಿಟ್ಟಿದ್ದ ಅಂತ ಎಷ್ಟು ವರ್ಷ ಮಕ್ಕಳಿಗೆ ಹೇಳಿದ್ದೇನೋ. ಅದು ನನ್ನ ಮೈಗೆ ಗೊತ್ತಾಗಿದ್ದು ಆ ರಾತ್ರಿ. ಮಾಳಿಗೆಗೆ ಹೋದರೆ ಆಕಾಶಗಂಗೆ ಉದ್ದಕ್ಕೂ ಕಾಣುತ್ತಿತ್ತು. ನಾನು ಬೋರ್ಡಿನ ಮೇಲೆ ಸುಣ್ಣದಕಡ್ಡಿಯಲ್ಲಿ ಬರೆದು ತೋರಿಸುತ್ತಿದ್ದ ಆಕಾಶಗಂಗೆ. ನಿಮ್ಮ ಮಾವ ನನ್ನ ಕೈ ಹಿಡಿದುಕೊಂಡು, "ಇಲ್ಲೇ ಇದ್ದುಬಿಡೋಣ" ಅಂದರು.

ಒಂದೂವರೆ ತಿಂಗಳಲ್ಲಿ ಸಿಟಿ ಮನೆ ಮಾರಿಬಿಟ್ಟೆವು. ನಾಲ್ಕು ದಿನ ನೋಡಿ, 19 ವರ್ಷದ ಮನೆ.

ಊರು ಮೋಸ ಮಾಡಲಿಲ್ಲ ಪುಟ್ಟಿ, ಅದನ್ನು ಮೊದಲೇ ಹೇಳುತ್ತೇನೆ. ಸಿಟಿಯಲ್ಲಿ ನಮ್ಮ ಮಹಡಿಯಲ್ಲೇ ಇದ್ದ ಎದುರು ಬಾಗಿಲಿನವರ ಹೆಸರು ನನಗೆ ಗೊತ್ತಾಗಿದ್ದು ಅವರು ಮನೆ ಖಾಲಿ ಮಾಡುವ ದಿನ. ಇಲ್ಲಿ ಹಾಗಲ್ಲ. ಬ್ಯಾಂಕಿನಲ್ಲಿ ಕೂರುವವರ ಮಗಳು ನನ್ನ ಹತ್ತಿರ ಪಾಠಕ್ಕೆ ಬರುತ್ತಾಳೆ. ಅವರ ಅಕ್ಕನದು ನಮ್ಮ ಬೀದಿಯ ಕೊನೆ ಮನೆ. ಆ ಅಕ್ಕನ ಗಂಡ ನಮ್ಮ ಮನೆಯ ನಲ್ಲಿ ರಿಪೇರಿ ಮಾಡಿದವರು. ಒಬ್ಬೊಬ್ಬರೂ ನಮಗೆ ಮೂರು ನಾಲ್ಕು ದಿಕ್ಕಿನಿಂದ ಪರಿಚಯ. ಹಾಗಾಗಿ ಕೆಟ್ಟದಾಗಿ ನಡೆದುಕೊಂಡು ಮಾಯವಾಗಲು ಯಾರಿಗೂ ಆಗುವುದಿಲ್ಲ, ನಮಗೂ ಆಗುವುದಿಲ್ಲ. ಒಂದು ಸಲ ಪಕ್ಕದ ಬೀದಿಯವರ ಜೊತೆ ಗಾಡಿ ನಿಲ್ಲಿಸುವ ವಿಷಯಕ್ಕೆ ಮಾತು ಬೆಳೆಯಿತು. ಮಾರನೇ ದಿನ ಔಷಧಿ ಅಂಗಡಿಯಲ್ಲಿ ಎದುರಾದರು, ಅದರ ಮಾರನೇ ದಿನ ಅಂಚೆ ಕಚೇರಿಯಲ್ಲಿ. ಮೂರನೇ ದಿನ ಇಬ್ಬರೂ ನಕ್ಕೆವು, ಮುಗಿಯಿತು. ನೀನು ಸ್ವಲ್ಪ ಒಬ್ಬಳೇ ಇರಲು ಇಷ್ಟಪಡುವವಳು. ಮನೆಗೆ ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು ಅಂತ ಇಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಅದು ನಿನಗೆ ಒಗ್ಗುತ್ತದಾ ಅಂತ ನೀನೇ ಯೋಚಿಸು.

ಈಗ ಆ ರಾತ್ರಿಯ ವಿಷಯ. ನಿಮಗೆಲ್ಲ ಗೊತ್ತಿರುವುದೇ, ಆದರೂ ಹೇಳುತ್ತೇನೆ.

ರಾತ್ರಿ ಒಂದೂವರೆಗೆ ನಿಮ್ಮ ಮಾವ ನೀರು ಕುಡಿಯಲು ಎದ್ದರು. "ಫ್ಯಾನ್ ಕಮ್ಮಿ ಮಾಡಲಾ?" ಅಂತ ನನ್ನನ್ನು ಕೇಳಿದರು. ಮಾತು ಸರಿಯಾಗಿಯೇ ಇತ್ತು. ಎರಡೂಕಾಲಿಗೆ ಧೊಪ್ಪಂತ ಸದ್ದು. ಓಡಿ ಹೋಗಿ ನೋಡಿದರೆ ಬಚ್ಚಲ ಬಾಗಿಲಲ್ಲಿ ಬಿದ್ದಿದ್ದರು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಬಲಗೈ ಎತ್ತಿ ಅಂದರೆ ಏಳಲಿಲ್ಲ. ಏನೋ ಹೇಳುತ್ತಿದ್ದರು, ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಮನೆಯ ಎಲ್ಲ ಲೈಟ್ ಹಾಕಿದೆ. ಫೋನ್ ಹುಡುಕುತ್ತಿದ್ದೆ, ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಎದುರುಮನೆಯವರು. ಇಷ್ಟು ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಎಲ್ಲ ಲೈಟ್ ಉರಿಯುತ್ತಿರುವುದು ನೋಡಿ, ಬನಿಯನ್ನಿನಲ್ಲೇ ಓಡಿಬಂದಿದ್ದರು. ಕರೆಯುವ ಮೊದಲೇ ಬಂದಿದ್ದರು ಪುಟ್ಟಿ. ಅವರ ಹೆಂಡತಿ ಮಾವನ ಔಷಧಿ ಫೈಲ್ ಹುಡುಕಿ ತಂದುಕೊಟ್ಟರು, ಮನೆಗೆ ಬೀಗ ಹಾಕಿದರು. ಎರಡೂವರೆಗೆ ನಾವು ಅವರ ಕಾರಿನಲ್ಲಿದ್ದೆವು.

ಹತ್ತಿರದ ಆಸ್ಪತ್ರೆಗೆ ಹತ್ತು ನಿಮಿಷದಲ್ಲಿ ಹೋದೆವು. ಬಿಪಿ ನೋಡಿದರು. ಡ್ರಿಪ್ ಹಾಕಿದರು. ಆಮೇಲೆ, ಸ್ಕ್ಯಾನ್ ಮೆಷಿನ್ ಇಲ್ಲಿಲ್ಲ, ದೊಡ್ಡ ಆಸ್ಪತ್ರೆಗೆ ಹೋಗಬೇಕು ಅಂದರು. ಇರುವ ಒಂದು ಆಂಬುಲೆನ್ಸ್ ಬೇರೆ ಯಾರನ್ನೋ ಕರೆದುಕೊಂಡು ಹೋಗಿತ್ತು. ಅದು ಬರುವವರೆಗೆ ಕಾಯಿರಿ ಅಂದರು. ಕಾದೆವು. ನಾಲ್ಕು ಗಂಟೆ ದಾಟಿದ ಮೇಲೆ ಹೊರಟೆವು. ದೊಡ್ಡ ಆಸ್ಪತ್ರೆ ತಲುಪಿದಾಗ 6.50.

ಅಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ ನನಗೆ ಇವತ್ತಿಗೂ ಕಿವಿಯಲ್ಲಿದೆ. "ಇವರು ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ?" ಬಿದ್ದದ್ದು ಯಾವಾಗ ಅಂತಲ್ಲ, ಸರಿಯಾಗಿದ್ದದ್ದು ಯಾವಾಗ ಅಂತ. ಒಂದೂವರೆ ಅಂದೆ. ಅವರು ಗಡಿಯಾರ ನೋಡಿದರು. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸ್ಕ್ಯಾನ್ ಆಗಲೇಬೇಕು. ಯಾಕೆಂದರೆ ಒಳಗೆ ರಕ್ತಸ್ರಾವ ಆಗಿದ್ದರೆ ಅದೇ ಇಂಜೆಕ್ಷನ್ ಪ್ರಾಣ ತೆಗೆಯಬಹುದು. ನಮಗೆ ಆರು ಗಂಟೆಯವರೆಗೆ ಸಮಯವಿತ್ತು. ನಾವು ಹೋದದ್ದು 50 ನಿಮಿಷ ತಡವಾಗಿ. ದೊಡ್ಡ ರಕ್ತನಾಳ ಕಟ್ಟಿಕೊಂಡಾಗ ಒಂದೊಂದು ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಅಂತ ಆಮೇಲೆ ಗೊತ್ತಾಯಿತು. ಆ 50 ನಿಮಿಷವನ್ನು ನಾನು ಎಷ್ಟು ರಾತ್ರಿ ಗುಣಿಸಿದ್ದೇನೋ.

ಜೀವ ಉಳಿಯಿತು. ಬಲಗೈ ಬರಲಿಲ್ಲ, ಮಾತು ಅರ್ಧ ಬಂತು. ಮಾತು ಕಲಿಸುವ ಥೆರಪಿ, ಕೈಕಾಲಿನ ಫಿಸಿಯೋಥೆರಪಿ ಎರಡೂ ವಾರಕ್ಕೆ ಐದು ದಿನ ಬೇಕು ಅಂದರು. ಎರಡೂ ಇದ್ದದ್ದು ಸಿಟಿಯಲ್ಲಿ. ನಮ್ಮ ಮನೆಯಿದ್ದ ಸಿಟಿಯಲ್ಲೇ. ಅಲ್ಲಿ ಎಂಟು ತಿಂಗಳು ಬಾಡಿಗೆಗೆ ಇದ್ದೆವು. ಲಿಫ್ಟ್ ಇಲ್ಲದ ಮನೆ, ಎರಡನೇ ಮಹಡಿ. ನಾವು ಮಾರಿದ ಮನೆಗೆ ಲಿಫ್ಟ್ ಇತ್ತು. ಮತ್ತೆ ಅಂಥದ್ದನ್ನು ಕೊಳ್ಳುವಷ್ಟು ಹಣ ನಮ್ಮಲ್ಲಿ ಉಳಿದಿರಲಿಲ್ಲ, ಬೆಲೆ ಏರಿಬಿಟ್ಟಿತ್ತು. ಥೆರಪಿಗೆ ಹೋಗುವ ದಾರಿಯಲ್ಲಿ ಆಟೋ ನಮ್ಮ ಹಳೇ ಬೀದಿಯ ಮುಂದೆಯೇ ಹೋಗುತ್ತಿತ್ತು. ನಿಮ್ಮ ಮಾವ ಎಡಗೈಯಲ್ಲಿ ಆ ಬಾಲ್ಕನಿ ತೋರಿಸುತ್ತಿದ್ದರು. ಹೇಳಲು ಮಾತಿರಲಿಲ್ಲ, ಬರೀ ತೋರಿಸುತ್ತಿದ್ದರು.

ಅದಕ್ಕೇ ಹೇಳುತ್ತಿದ್ದೇನೆ ಮಗಳೇ. ಹೋಗಿ, ಸಂತೋಷವಾಗಿ ಹೋಗಿ. ಇರುವ ಮನೆ ಮಾತ್ರ ಮಾರಬೇಡಿ. ಬಾಡಿಗೆಗೆ ಕೊಡಿ, ಬೀಗ ಹಾಕಿಡಿ, ಏನಾದರೂ ಮಾಡಿ. ವಾಪಸ್ ಬರುವ ಬಾಗಿಲು ಒಂದು ಇರಲಿ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಮಾಡಿಕೊಂಡರೂ ಪರವಾಗಿಲ್ಲ. ಈ ಗ್ರೂಪಿನಲ್ಲಿ 43 ಜನ ಇದ್ದೀರಿ. ನಾವು ಇಲ್ಲಿಗೆ ಬಂದ ಮೊದಲ ಎರಡು ವರ್ಷ ಒಂದು ರಜೆಯಲ್ಲೂ ಈ ಮನೆ ಖಾಲಿ ಇರಲಿಲ್ಲ. ಮಕ್ಕಳು ಬೀದಿಯಲ್ಲಿ ಸೈಕಲ್ ಹೊಡೆದರು. ಮಾಳಿಗೆ ಮೇಲೆ ಹಾಸಿಗೆ ಹಾಸಿಕೊಂಡು ಮಲಗಿದಿರಿ. "ಅತ್ತೆ, ನಿಮ್ಮದೇ ಜೀವನ" ಅಂದಿರಿ. ಫೋಟೋ ಹಾಕಿದಿರಿ. ನನಗೆ ಅದೆಲ್ಲ ಖುಷಿಯೇ, ನಿಮಗಾಗಿ ಅಂತಲೇ ಒಂದು ರೂಮ್ ಜಾಸ್ತಿ ಇರುವ ಮನೆ ಹುಡುಕಿದ್ದು. ಆದರೆ ಆ ಎಂಟು ತಿಂಗಳು ನಾವು ನಿಮ್ಮ ಸಿಟಿಯಲ್ಲೇ ಇದ್ದೆವು. ಕೆಲವರ ಮನೆಯಿಂದ ನಡೆದು ಬರುವಷ್ಟು ಹತ್ತಿರ. ಬಂದವರು ನಾಲ್ಕು ಜನ. ನಿನ್ನಪ್ಪ ಪ್ರತಿ ಭಾನುವಾರ ಬಂದ, ನಿಮ್ಮ ಮಾವನಿಗೆ ಶೇವ್ ಮಾಡಿಕೊಟ್ಟು ಹೋಗುತ್ತಿದ್ದ. ಅದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಇನ್ನೊಬ್ಬರು, ಹಿರಿಯರು, ಹೆಸರು ಬೇಡ, ಫೋನಿನಲ್ಲಿ "ಅಷ್ಟು ದೂರ ಹೋಗಿ ಅಂತ ಯಾರು ಹೇಳಿದ್ದು?" ಅಂದರು. ಎದುರುಮನೆಯವರು ರಕ್ತಸಂಬಂಧವಲ್ಲ. ತಿಂಗಳಿಗೊಮ್ಮೆ ಅಷ್ಟು ದೂರದಿಂದ ಬಸ್ಸಿನಲ್ಲಿ ಬಂದು ನೋಡಿಕೊಂಡು ಹೋದರು. ನಮ್ಮ ಗಿಡಗಳಿಗೆ ಎಂಟು ತಿಂಗಳೂ ನೀರು ಹಾಕಿದರು. ಎಂಟು ತಿಂಗಳ ನಂತರ ಎಲ್ಲಿಗೆ ಹೋಗೋಣ ಅಂತ ಮಾವನನ್ನು ಕೇಳಿದಾಗ "ಊರು" ಅಂದರು. ಅದು ಅವರು ಸ್ಪಷ್ಟವಾಗಿ ಹೇಳಿದ ಎರಡನೇ ಮಾತು. ಮೊದಲನೆಯದು ನನ್ನ ಹೆಸರು.

ಇರಲಿ. ನೀನು ಕೇಳಿದ್ದು ಇದನ್ನಲ್ಲ. ಏನೋ ಹೇಳಬೇಕು ಅಂತ ಶುರು ಮಾಡಿದ್ದೆ... ಹಾಂ, ಹೋಗುವ ಮುಂಚೆ ಏನು ಮಾಡಬೇಕು ಅಂತ.

ಒಂದು ವರ್ಷ ಬಾಡಿಗೆಗೆ ಇದ್ದು ನೋಡಿ. ಆರು ತಿಂಗಳು ಸಾಲದು, ಎಲ್ಲ ಕಾಲವೂ ಒಂದು ಸುತ್ತು ಬರಬೇಕು. ನಾವು ನೋಡಿದ್ದು ತಂಪಾದ ನಾಲ್ಕು ದಿನ ಮಾತ್ರ. ಬೇಸಿಗೆಯಲ್ಲಿ ನೀರು ಬರುತ್ತದಾ, ಮಳೆಯಲ್ಲಿ ಕರೆಂಟು ಎಷ್ಟು ಹೊತ್ತು ಹೋಗುತ್ತದೆ ಅಂತ ಅಲ್ಲಿ ಇದ್ದರೇ ಗೊತ್ತಾಗುವುದು. ನಿಮ್ಮಿಬ್ಬರ ಕೆಲಸವೂ ಇಂಟರ್ನೆಟ್ ಮೇಲೆಯೇ ನಿಂತಿದೆ, ಬೇರೆ ಬೇರೆ ಕಂಪನಿಯ ಎರಡು ಕನೆಕ್ಷನ್ ಇಟ್ಟುಕೊಳ್ಳಿ. ನಾಳೆ ಆಫೀಸಿನವರು ವಾಪಸ್ ಬನ್ನಿ ಅಂದರೆ ಏನು ಮಾಡುತ್ತೀರಿ ಅಂತ ಇವತ್ತೇ ಮಾತಾಡಿಕೊಳ್ಳಿ. ಹಾಗೆ ಕರೆದಾಗ ನನ್ನ ಮಾತು ನೆನಪಾಗುತ್ತದೆ. ಮಗುವಿನ ಶಾಲೆ ಈಗ ಸಣ್ಣ ತರಗತಿ, ಎಲ್ಲಾದರೂ ನಡೆಯುತ್ತದೆ. ಹತ್ತನೇ ತರಗತಿ ಆದ ಮೇಲೆ ಎಲ್ಲಿ ಅಂತ ಕೇಳಿಕೊಂಡು ಬನ್ನಿ.

ಎಲ್ಲಕ್ಕಿಂತ ಮುಖ್ಯವಾದದ್ದು ಆಸ್ಪತ್ರೆ. ನಿನ್ನ ಅತ್ತೆ ಮಾವನೂ ಜೊತೆಗೆ ಬರುತ್ತಾರೆ ಅಲ್ವಾ? ಹತ್ತಿರದ ಆಸ್ಪತ್ರೆ ಯಾವುದು ಅಂತ ಕೇಳಬೇಡಿ. ನಾನು ಮಾಡಿದ ತಪ್ಪೇ ಅದು. ರಾತ್ರಿಯೂ ಸ್ಕ್ಯಾನ್ ಮಾಡುವ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವ ಆಸ್ಪತ್ರೆ ಯಾವುದು ಅಂತ ಕೇಳಿ. ಮೆಷಿನ್ ಇದ್ದರೆ ಸಾಲದು, ರಾತ್ರಿ ಅದನ್ನು ನಡೆಸುವವರು ಇರುತ್ತಾರಾ ಅಂತಲೂ ಕೇಳಿ. ಅಲ್ಲಿಯ ಫೋನ್ ನಂಬರ್ ಬರೆದು ಫ್ರಿಜ್ ಮೇಲೆ ಅಂಟಿಸಿ. ಬಾಯಿ ಸೊಟ್ಟಗಾದರೆ, ಒಂದು ಕೈ ಏಳದಿದ್ದರೆ, ಮಾತು ತೊದಲಿದರೆ ಕಾಯುವುದೇ ಬೇಡ. ನೀರು, ಮಾತ್ರೆ ಏನೂ ಬಾಯಿಗೆ ಹಾಕಬೇಡಿ. ಕೊನೆಯ ಸಲ ಸರಿಯಾಗಿದ್ದ ಗಂಟೆ ಬರೆದುಕೊಂಡು, ದಾರಿಯಲ್ಲೇ ಆಸ್ಪತ್ರೆಗೆ ಫೋನ್ ಮಾಡಿ, ನೇರ ಅಲ್ಲಿಗೇ ಹೋಗಿ. ಆ ರಾತ್ರಿ ಎದುರುಮನೆಯವರ ಕಾರಿನಲ್ಲಿ ಪೆಟ್ರೋಲ್ ತುಂಬಿತ್ತು. ಎಷ್ಟು ದೂರವಾದರೂ ಓಡಿಸಲು ಅವರು ತಯಾರಿದ್ದರು. ಎರಡೂವರೆಗೇ ನೇರ ಹೊರಟಿದ್ದರೆ ಐದೂಕಾಲಿಗೆ ಅಲ್ಲಿರುತ್ತಿದ್ದೆವು. "ಎಲ್ಲಿಗೆ ಹೋಗಲಿ ಹೇಳಿ" ಅಂತ ಅವರು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಬರುವ ಶನಿವಾರ ಮನೆ ನೋಡಲು ಹೋಗುತ್ತೇವೆ ಅಂದಿದ್ದೀಯ. ಹಗಲು ಮನೆ ನೋಡಿ. ಅಳಿಯಂದಿರಿಗೆ ಹೇಳು, ರಾತ್ರಿ ಅಲ್ಲೇ ಉಳಿದು, ಎರಡು ಗಂಟೆಗೆ ಎದ್ದು, ಆ ಮನೆ ಬಾಗಿಲಿನಿಂದ ಆ ಆಸ್ಪತ್ರೆ ಬಾಗಿಲವರೆಗೆ ಒಂದು ಸಲ ಗಾಡಿ ಓಡಿಸಿ. ಎಷ್ಟು ನಿಮಿಷವಾಯಿತು ಅಂತ ಅಲ್ಲಿಂದಲೇ ನನಗೆ ಫೋನ್ ಮಾಡು. ಎಷ್ಟು ಹೊತ್ತಾದರೂ ಸರಿ, ನಾನು ಎದ್ದಿರುತ್ತೇನೆ.